ಹೊಸ್ತಿಲ ಈಚೆಗೆ ಉಳಿದವರ ಶಾಂತಿ

ಪ್ರತಿ ವರ್ಷ ನವೆಂಬರ್ 2ರಂದು ಧರ್ಮಸಭೆಯು ಸಕಲ ಮೃತರನ್ನು ಸ್ಮರಿಸುತ್ತದೆ. ಅಂದು ಸಂಜೆ ನಮ್ಮ ಧರ್ಮಕೇಂದ್ರದ ಭಕ್ತಾದಿಗಳು ಸಮಾಧಿಗಳನ್ನು ತೊಳೆದು, ಚೆಂಡುಹೂವು ಸೇವಂತಿಗೆಗಳಿಂದ ಅಲಂಕರಿಸಿ, ಮೇಣದ ಬತ್ತಿಗಳನ್ನು ಹಚ್ಚಿ, ಗುರುಗಳು ಪವಿತ್ರ ಜಲವನ್ನು ಪ್ರೋಕ್ಷಿಸುತ್ತಾ ಬರುವುದನ್ನೇ ಕಾದು ನಿಲ್ಲುತ್ತಾರೆ. ಪಶ್ಚಿಮದ ಗೋಡೆಯ ಬದಿಗೆ ಬಂದಾಗ ನಮ್ಮ ಹೆಜ್ಜೆ ತಾನಾಗಿಯೇ ನಿಧಾನವಾಗುತ್ತದೆ. ಅಲ್ಲಿ ಒಂದೇ ಸಾಲಿನಲ್ಲಿರುವ ಶಿಲುಬೆಗಳ ಮೇಲೆ ಬರೆದ ಮರಣದ ದಿನಾಂಕಗಳೆಲ್ಲವೂ 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳವು. ಆ ಸಾಲಿನ ಮುಂದೆ ಅಳುವವರಿಗಿಂತ ತಲೆ ತಗ್ಗಿಸಿ ಸುಮ್ಮನೆ ನಿಲ್ಲುವವರೇ ಹೆಚ್ಚು. ಆ ಮೌನದಲ್ಲಿ ದುಃಖದ ಜೊತೆಗೆ ಇನ್ನೂ ಏನೋ ಇದೆ ಎಂದು ನಮಗೆ ಬಹಳ ಕಾಲದಿಂದ ಅನ್ನಿಸುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್-19 ರೋಗವನ್ನು ಜಾಗತಿಕ ಮಹಾಮಾರಿಯೆಂದು ಬಣ್ಣಿಸಿತು. 2023ರ ಮೇ 5ರಂದು ಅದರ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ಮನುಷ್ಯನ ಅಂತರಂಗದ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಬಲ್ಲ ಸಂಸ್ಥೆ ಯಾವುದೂ ಇಲ್ಲ. ಮನೆಭೇಟಿಗೆ ಹೋದಾಗ ಇಂದಿಗೂ ನಾವು ಕೇಳುವ ಮಾತುಗಳಿವು: ತಮ್ಮ ಹೋದ, ನಾನೇಕೆ ಉಳಿದೆ? ಪಕ್ಕದ ಮನೆಯವರು ಕರೆದಾಗ ಬಾಗಿಲು ತೆರೆಯಲಿಲ್ಲವಲ್ಲ, ನಾನೆಂಥ ಕ್ರೈಸ್ತ? ಅಪ್ಪನ ಮುಖವನ್ನು ಕೊನೆಯದಾಗಿ ನೋಡಲು ಹೆದರಿದೆನಲ್ಲ, ನಾನೆಂಥ ಮಗ? ಇಂತಹ ಪ್ರಶ್ನೆಗಳನ್ನು ಹೊತ್ತು ಬದುಕುವವರಿಗೆ ಅಂತರಂಗದ ಶಾಂತಿ ಎಂಬುದು ಸಾಧ್ಯವೇ? ಮಹಾಮಾರಿಯ ಬೆಳಕಿನಲ್ಲಿ ತನ್ನನ್ನು ತಾನು ಕಂಡುಕೊಂಡ ಮನುಷ್ಯನು ತನ್ನನ್ನು ತಾನು ಒಪ್ಪಿಕೊಳ್ಳುವುದು ಹೇಗೆ? ಈ ವಾರ ಇದನ್ನು ಕುರಿತು ಓದುಗರೊಡನೆ ಚಿಂತಿಸಬಯಸುತ್ತೇವೆ.

ಮುಚ್ಚಿದ ಬಾಗಿಲುಗಳ ಕಾಲ

ಭಾರತದಲ್ಲಿ ಈ ರೋಗ ಮೊದಲು ಪತ್ತೆಯಾದುದು 2020ರ ಜನವರಿ 30ರಂದು, ಕೇರಳದಲ್ಲಿ. ದೇಶದ ಮೊದಲ ಕೋವಿಡ್ ಸಾವು ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲಿಯೇ ಸಂಭವಿಸಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಅದು ತಪಸ್ಸುಕಾಲ. ಏಪ್ರಿಲ್ 10ರ ಶುಭ ಶುಕ್ರವಾರದಂದು ಶಿಲುಬೆಯ ಹಾದಿಯಿಲ್ಲ. ಏಪ್ರಿಲ್ 12ರ ಪುನರುತ್ಥಾನದ ಹಬ್ಬಕ್ಕೆ ಜನರಿಲ್ಲ. ಖಾಲಿ ಬೆಂಚುಗಳ ಮುಂದೆ, ಒಂದು ಮೊಬೈಲ್ ಫೋನಿನ ಕಣ್ಣನ್ನು ನೋಡುತ್ತಾ ನಾವು ಬಲಿಪೂಜೆಯನ್ನು ಅರ್ಪಿಸಿದೆವು. 'ಪ್ರಭು ನಿಮ್ಮೊಡನೆ ಇರಲಿ' ಎಂದಾಗ ಉತ್ತರಿಸುವವರಿರಲಿಲ್ಲ.

ಅದೇ ಮಾರ್ಚ್ 27ರ ಸಂಜೆ, ಸುರಿಯುವ ಮಳೆಯಲ್ಲಿ, ಆಗಿನ ಜಗದ್ಗುರು ಪೋಪ್ ಫ್ರಾನ್ಸಿಸರು ರೋಮಿನ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಡೆದು ಬಂದ ದೃಶ್ಯವನ್ನು ಕಂಡವರು ಮರೆಯಲಾರರು. ಲಕ್ಷಾಂತರ ಜನ ಸೇರುವ ಚೌಕ ಅಂದು ಬರಿದಾಗಿತ್ತು. 1522ರಲ್ಲಿ ಪ್ಲೇಗು ಬಂದಾಗ ರೋಮಿನ ಬೀದಿಗಳಲ್ಲಿ ಮೆರವಣಿಗೆಯಾಗಿ ಒಯ್ದಿದ್ದ ಸಂತ ಮಾರ್ಸೆಲ್ಲೊ ದೇವಾಲಯದ ಹಳೆಯ ಮರದ ಶಿಲುಬೆಯನ್ನು ಅಲ್ಲಿ ನಿಲ್ಲಿಸಲಾಗಿತ್ತು. ಅಂದು ಓದಿದ ಶುಭಸಂದೇಶ ಸಂತ ಮಾರ್ಕನದು: ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಹೆದರಿದ ಶಿಷ್ಯರು, ಹಿಂಬದಿಯಲ್ಲಿ ನಿದ್ರಿಸುತ್ತಿದ್ದ ಪ್ರಭು. ಆ ಶಿಷ್ಯರಲ್ಲಿ ಅನೇಕರು ಮೀನುಗಾರರು. ಆ ಸರೋವರವನ್ನು ಬಾಲ್ಯದಿಂದ ಬಲ್ಲವರು. ಬಲ್ಲವರೂ ಹೆದರುತ್ತಾರೆ ಎಂಬುದನ್ನು ಶುಭಸಂದೇಶಕಾರನು ಮರೆಮಾಚಲಿಲ್ಲ.

ನಮ್ಮ ನಾಡಿಗೂ ಇಂತಹ ಕಾಲ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಓಡಿದರು. ಇಕ್ಕಟ್ಟಾದ ಪೇಟೆಯ ಹೊರಗೆ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ರೂಪುಗೊಂಡುದು ಆ ಸಂಕಟದ ನಡುವೆಯೇ. ಹಳ್ಳಿಗಳಲ್ಲಿ ಇಲಿ ಬಿದ್ದಿತೆಂದರೆ ಸಾಕು, ಜನ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆ ಗುಡಿಸಲುಗಳ ಕಥೆಯನ್ನು ನಮ್ಮ ಅಜ್ಜಿ ಹೇಳುತ್ತಿದ್ದುದುಂಟು. ಯಾರು ಸತ್ತರು, ಯಾರು ಉಳಿದರು ಎಂದು ಹೇಳುವಾಗ ಅವರ ದನಿ ಸಹಜವಾಗಿಯೇ ಇರುತ್ತಿತ್ತು. ಯಾರನ್ನು ಊರಿನಲ್ಲಿಯೇ ಬಿಟ್ಟು ಬಂದರು ಎಂಬ ಭಾಗ ಬಂದಾಗ ಮಾತ್ರ ಮಾತು ನಿಲ್ಲುತ್ತಿತ್ತು. ಅದು ಅಂದು ನಮಗೆ ಅರ್ಥವಾಗಿರಲಿಲ್ಲ.

ಪುಸ್ತಕದ ಧೈರ್ಯ

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದಾಗ ನಮಗೆ ಅತ್ಯಂತ ಪ್ರಿಯನಾಗಿದ್ದವನು ರೋಮಿನ ಚಕ್ರವರ್ತಿ ಮಾರ್ಕಸ್ ಔರೇಲಿಯಸ್. ಎರಡನೆಯ ಶತಮಾನದಲ್ಲಿ ಅವನ ಸಾಮ್ರಾಜ್ಯವನ್ನು ಭೀಕರ ಸಾಂಕ್ರಾಮಿಕ ರೋಗವೊಂದು ವರ್ಷಗಟ್ಟಲೆ ಪೀಡಿಸಿತು. ಯುದ್ಧದ ಶಿಬಿರಗಳಲ್ಲಿದ್ದುಕೊಂಡು ಆತ ಗ್ರೀಕ್ ಭಾಷೆಯಲ್ಲಿ ತನಗಾಗಿಯೇ ಟಿಪ್ಪಣಿಗಳನ್ನು ಬರೆದುಕೊಂಡ. ನಮ್ಮ ಅಧೀನದಲ್ಲಿಲ್ಲದ ಸಂಗತಿಗಳ ಬಗ್ಗೆ ಕಳವಳಪಡದೆ, ಅಧೀನದಲ್ಲಿರುವ ಮನಸ್ಸನ್ನು ಹತೋಟಿಯಲ್ಲಿಟ್ಟುಕೊಳ್ಳುವುದೇ ಶಾಂತಿಯ ಮಾರ್ಗವೆಂಬುದು ಅವನ ಪಂಥದ ಬೋಧನೆ. ಲಾಕ್‌ಡೌನಿನ ದಿನಗಳಲ್ಲಿ ನಾವು ಆ ಪುಸ್ತಕವನ್ನು ಮತ್ತೆ ತೆರೆದೆವು. ಅದರಿಂದ ಆಯ್ದ ವಿಚಾರಗಳನ್ನು ಪ್ರಬೋಧನೆಗಳಲ್ಲಿ ಬಳಸಿದೆವು. ಭಯಪಡಬೇಡಿ ಎಂದು ಪ್ರತಿದಿನ ಬೆಳಿಗ್ಗೆ ಜನರಿಗೆ ಸಂದೇಶ ಕಳುಹಿಸಿದೆವು.

ಒಂದು ಸಂಗತಿಯನ್ನು ಮಾತ್ರ ಆಗ ಗಮನಿಸಲಿಲ್ಲ. ಶಾಂತಿಯನ್ನು ಗೆದ್ದುಕೊಂಡು ಮುಗಿಸಿದವನು ಶಾಂತನಾಗಿರು ಎಂದು ತನಗೆ ತಾನೇ ಮತ್ತೆ ಮತ್ತೆ ಬರೆದುಕೊಳ್ಳಬೇಕಾಗಿಲ್ಲ. ಆ ಚಕ್ರವರ್ತಿಯೂ ಪ್ರತಿದಿನ ಹೆದರುತ್ತಿದ್ದ ಮನುಷ್ಯನೇ ಇದ್ದಿರಬೇಕು. ಯಾವುದಕ್ಕೂ ಹೆದರದವನು ಧೈರ್ಯವಂತನಲ್ಲ, ಬುದ್ಧಿ ಸ್ವಾಧೀನದಲ್ಲಿಲ್ಲದವನು ಎಂಬ ಅರ್ಥದ ಮಾತನ್ನು ಅರಿಸ್ಟಾಟಲ್ ಹೇಳಿದ್ದಾನೆ. ಧೈರ್ಯದ ಮುಖ್ಯ ಲಕ್ಷಣ ಮೇಲೆರಗುವುದಲ್ಲ, ತಾಳಿಕೊಳ್ಳುವುದು ಎಂದು ಸಂತ ಥಾಮಸ್ ಅಕ್ವಿನಾಸರು ವಿವರಿಸಿದ್ದಾರೆ. ಇವನ್ನೆಲ್ಲ ಪರೀಕ್ಷೆಗಾಗಿ ಬರೆದು ಅಂಕಗಳನ್ನು ಗಳಿಸಿದ್ದೆವು. ನಿಜವಾದ ಪರೀಕ್ಷೆ ಬಂದುದು ಎರಡನೆಯ ಅಲೆಯಲ್ಲಿ.

ಒಂದು ರಾತ್ರಿಯ ಕರೆ

2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ ಜಾರಿಯಾಯಿತು. ಆಸ್ಪತ್ರೆಗಳಲ್ಲಿ ಹಾಸಿಗೆಗಳಿಲ್ಲ, ಆಮ್ಲಜನಕವಿಲ್ಲ ಎಂಬ ಸುದ್ದಿಗಳ ನಡುವೆ, ಪರಿಚಿತ ಗುರುಗಳ, ಕನ್ಯಾಸ್ತ್ರೀಯರ ಮರಣವಾರ್ತೆಗಳು ಒಂದರ ಹಿಂದೊಂದು ಬರುತ್ತಿದ್ದವು. ಮೇ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನು ಬಂತು. ನಮ್ಮ ಗಾಯನವೃಂದದಲ್ಲಿ ಹಲವು ವರ್ಷ ಹಾಡಿದ್ದ ಹಿರಿಯರೊಬ್ಬರು ಮನೆಯಲ್ಲಿಯೇ ಮಲಗಿದ್ದರು. ಹಾಸಿಗೆ ಸಿಕ್ಕಿರಲಿಲ್ಲ, ಉಸಿರು ಇಳಿಯುತ್ತಿತ್ತು. ಅವರ ಮಗ ಕೇಳಿದ: 'ಸ್ವಾಮಿ, ಅಪ್ಪ ನಿಮ್ಮನ್ನೇ ಕೇಳ್ತಿದ್ದಾರೆ. ಅಭ್ಯಂಗ ಕೊಡೋಕೆ ಬರೋಕಾಗುತ್ತಾ?'

ಅಂಕಣದ ರೂಢಿಯಂತೆ ನಾವು 'ನಾವು' ಎಂದು ಬರೆಯುತ್ತೇವೆ. ಆದರೆ ಆ ಫೋನನ್ನು ಹಿಡಿದಿದ್ದ ಕೈ ಒಂದೇ. ಮಧುಮೇಹವಿತ್ತು, ಲಸಿಕೆಯ ಒಂದು ಸೂಜಿಯಷ್ಟೇ ಆಗಿತ್ತು. ಕರ್ಫ್ಯೂ ಇದೆ, ನಿಯಮ ಬಿಡುವುದಿಲ್ಲ, ಇಲ್ಲಿಂದಲೇ ಪ್ರಾರ್ಥಿಸುತ್ತೇನೆ ಎಂದು ಉತ್ತರಿಸಿದೆವು. ಫೋನಿನಲ್ಲಿಯೇ ಪ್ರಾರ್ಥನೆ ಹೇಳಿ ಆಶೀರ್ವದಿಸಿದೆವು. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಫೋನಿನ ಮೂಲಕ ಕೊಡಲಾಗದು ಎಂಬುದು ಕೇಳುವವರಿಗೂ ಗೊತ್ತಿತ್ತು, ಹೇಳುವವರಿಗೂ ಗೊತ್ತಿತ್ತು. ಬೆಳಗಾಗುವ ಮೊದಲು ಆ ಹಿರಿಯರು ತೀರಿಕೊಂಡರು.

ಸಂಸ್ಕಾರಗಳನ್ನು ಪಡೆಯಲಾಗದೆ ಸಾಯುವವರನ್ನು ಧರ್ಮಸಭೆಯು ದೇವರ ಕರುಣೆಗೆ ಒಪ್ಪಿಸುತ್ತದೆ, ಅವರಿಗೆ ಪೂರ್ಣ ದಂಡವಿಮೋಚನೆ ದೊರೆಯುತ್ತದೆ ಎಂದು ರೋಮಿನಿಂದ 2020ರ ಮಾರ್ಚ್‌ನಲ್ಲಿಯೇ ಆಜ್ಞಾಪತ್ರ ಬಂದಿತ್ತು. ಅದು ಸತ್ಯ, ಆ ಕುಟುಂಬಕ್ಕೆ ಅದು ಸಾಂತ್ವನವೂ ಆಯಿತು. ಆದರೆ ಸಾಯುವವರಿಗೆ ಆಸರೆಯಾಗಲೆಂದು ಕೊಟ್ಟದ್ದನ್ನು ನಾವು ನಮ್ಮ ನೆಪವಾಗಿ ಬಳಸಿಕೊಂಡೆವು. ಅಪ್ಪಣೆ ಕೇಳಿದ್ದರೆ ಪೊಲೀಸರು ಬಿಡುತ್ತಿದ್ದರು. ರಕ್ಷಣಾ ಕವಚ ತೊಟ್ಟು ಹೋಗಲು ದಾರಿ ಇತ್ತು. ನಾವು ಹೋಗದಿದ್ದುದಕ್ಕೆ ಕಾರಣ ನಿಯಮವಲ್ಲ. ನಮಗೆ ಸಾವಿನ ಭಯವಾಗಿತ್ತು. ಅಷ್ಟೇ.

ಮುಂದಿನ ತಿಂಗಳುಗಳಲ್ಲಿ ನಾವು ಹಿಂದೆಂದೂ ದುಡಿಯದಷ್ಟು ದುಡಿದೆವು. ದಿನಸಿ ಪೊಟ್ಟಣಗಳನ್ನು ಹಂಚಿದೆವು. ಲಸಿಕೆಗೆ ಹೆದರುತ್ತಿದ್ದ ಹಳ್ಳಿಗಳಿಗೆ ಹೋಗಿ ಜನರ ಮನವೊಲಿಸಿದೆವು. ಎಲ್ಲರೂ ಹೊಗಳಿದರು. ಆದರೆ ಆ ಒಂದು ಬೀದಿಯನ್ನು ತಪ್ಪಿಸಿ ಸುತ್ತುದಾರಿಯಲ್ಲಿ ಹೋಗುತ್ತಿದ್ದೆವು. ಮನುಷ್ಯನು ತನ್ನ ಕೋಣೆಯಲ್ಲಿ ತನ್ನೊಂದಿಗೆ ತಾನೇ ಸುಮ್ಮನೆ ಕೂರಲಾರದೆ ನೂರು ಗದ್ದಲಗಳನ್ನು ಹುಡುಕಿಕೊಂಡು ಹೊರಡುತ್ತಾನೆ ಎಂದು ಫ್ರೆಂಚ್ ಚಿಂತಕ ಪಾಸ್ಕಲ್ ಗುರುತಿಸಿದ್ದ. ಒಳ್ಳೆಯ ಕೆಲಸವೂ ಅಂತಹ ಗದ್ದಲವಾಗಬಲ್ಲದು ಎಂಬುದನ್ನು ನಾವು ಆ ವರ್ಷ ಕಲಿತೆವು.

ಆ ತಾಯಿಯ ಉತ್ತರ

ಮರುವರ್ಷದ ತಪಸ್ಸುಕಾಲದಲ್ಲಿ, ನಮ್ಮ ಪಾಪನಿವೇದನೆಯನ್ನು ಕೇಳಿದ ಹಿರಿಯ ಗುರುಗಳು ಕ್ಷಮೆಯನ್ನು ಸಾರಿದ ಬಳಿಕ, ಆ ಮನೆಗೆ ಹೋಗಿ ಬನ್ನಿ ಎಂದಷ್ಟೇ ಹೇಳಿದರು. ಹೋದೆವು. ಆ ಹಿರಿಯರ ಪತ್ನಿ ಕುರ್ಚಿ ಕೊಟ್ಟು, ಕಾಫಿ ತಂದಿಟ್ಟು, ಎದುರಿಗೆ ಗೋಡೆಗೊರಗಿ ಕುಳಿತರು. ನಾವು ಸುತ್ತಿಬಳಸದೆ ಹೇಳಿದೆವು: 'ಅಮ್ಮಾ, ಆವತ್ತು ರಾತ್ರಿ ಕರ್ಫ್ಯೂ ಅಂತ ಹೇಳಿದ್ದು ನೆಪ. ಹೆದರಿಕೆಯಾಗಿ ಬರಲಿಲ್ಲ. ನನ್ನನ್ನು ಕ್ಷಮಿಸಿ.'

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಳಗಿನ ಕೋಣೆಯ ಬಾಗಿಲನ್ನು ತೋರಿಸಿದರು. 'ಸ್ವಾಮಿ, ನಾನೂ ಆ ಹೊಸ್ತಿಲು ದಾಟಲಿಲ್ಲ. ಮೊಮ್ಮಗು ಮನೇಲಿತ್ತು, ಮಗ ಬೇಡ ಅಂದ. ಆದ್ರೆ ಮಗ ಬೇಡ ಅನ್ನದೇ ಇದ್ರೂ ಹೋಗ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಇಲ್ಲೇ ಈಚೆ ಕೂತು ಜಪಸರ ಮಾಡಿದೆ. ಒಳಗಿಂದ ಅವರೂ ಹೇಳ್ತಿದ್ರು. ಆಮೇಲೆ ಅವರ ದನಿ ನಿಂತುಹೋಯ್ತು. ನಾನು ಇದನ್ನ ಇವತ್ತಿನವರೆಗೂ ಯಾರ ಹತ್ತಿರಾನೂ ಹೇಳಿರಲಿಲ್ಲ.'

ಅಂದು ನಾವಿಬ್ಬರೂ ಅತ್ತೆವು. ಅವರು ನಮ್ಮ ತಪ್ಪನ್ನು ತಪ್ಪಲ್ಲ ಎನ್ನಲಿಲ್ಲ. ನಾವೂ ಅವರಿಗೆ ಹಾಗೆ ಹೇಳಲಿಲ್ಲ. ಆದರೆ ಹತ್ತು ತಿಂಗಳಿಂದ ನಮ್ಮೊಳಗೆ ಬಿಗಿದುಕೊಂಡಿದ್ದ ಯಾವುದೋ ಗಂಟು ಆ ಮನೆಯ ಪಡಸಾಲೆಯಲ್ಲಿ ಸಡಿಲವಾಯಿತು. ಅವರ ಅನುಮತಿಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ. 'ಬರೀರಿ ಸ್ವಾಮಿ, ನನ್ನಂಥವರು ಇನ್ನೂ ಇರ್ತಾರೆ' ಎಂದರು.

ಒಪ್ಪಿಕೊಳ್ಳುವುದೆಂದರೇನು?

ತನ್ನ ತಪ್ಪಿನ ಮುಂದೆ ನಿಂತ ಮನುಷ್ಯನಿಗೆ ಮೂರು ದಾರಿಗಳಿವೆ. ಮೊದಲನೆಯದು ಸಮರ್ಥನೆ: ಕಾಲವೇ ಹಾಗಿತ್ತು, ಎಲ್ಲರೂ ಹಾಗೆಯೇ ಮಾಡಿದರು ಎನ್ನುವುದು. ಎರಡನೆಯದು ದಂಡನೆ: ನಾನು ಹೇಡಿ, ನನಗೆ ಕ್ಷಮೆಯಿಲ್ಲ ಎಂದು ದಿನವೂ ತನ್ನನ್ನು ತಾನೇ ಹೊಡೆದುಕೊಳ್ಳುವುದು. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಅವುಗಳ ಬೇರು ಒಂದೇ. ಎರಡರಲ್ಲಿಯೂ ಮನುಷ್ಯನು ತಾನು ದುರ್ಬಲನೆಂಬ ಸರಳ ಸತ್ಯವನ್ನು ಸಹಿಸಲಾರ. ಸಮರ್ಥಿಸಿಕೊಳ್ಳುವವನು ದೌರ್ಬಲ್ಯವೇ ಇಲ್ಲವೆನ್ನುತ್ತಾನೆ. ದಂಡಿಸಿಕೊಳ್ಳುವವನು ಅದು ತನ್ನಲ್ಲಿ ಇರಲೇಬಾರದಿತ್ತು ಎನ್ನುತ್ತಾನೆ. ಮೂರನೆಯ ದಾರಿ ಸ್ವೀಕಾರ: ನಾನು ಹೆದರಿದೆ, ಹೆದರಿದವನಾಗಿಯೇ ದೇವರ ಮುಂದೆಯೂ ನೆರೆಯವರ ಮುಂದೆಯೂ ನಿಲ್ಲುತ್ತೇನೆ, ಇಲ್ಲಿಂದ ನಡೆಯುತ್ತೇನೆ ಎನ್ನುವುದು. ತನ್ನನ್ನು ತಾನು ಪ್ರೀತಿಸುವುದೇ ಇತರರೊಡನೆ ಸ್ನೇಹದ ಬೇರು ಎಂದು ಅಕ್ವಿನಾಸರು ಕಲಿಸಿದ್ದು ಈ ಅರ್ಥದಲ್ಲಿ. ತನ್ನ ಭಯದ ಮುಖವನ್ನು ನೋಡಲಾರದವನು ನೆರೆಯವನ ಭಯವನ್ನು ಹೇಗೆ ಸಂತೈಸಿಯಾನು?

ಪವಿತ್ರ ಗ್ರಂಥವು ಹೆದರಿದವರ ಕಥೆಗಳನ್ನು ಬಚ್ಚಿಡುವುದಿಲ್ಲ. ಪ್ರವಾದಿ ಎಲೀಯನು ಪ್ರಾಣಭಯದಿಂದ ಮರಳುಗಾಡಿಗೆ ಓಡಿ, ಒಂದು ಗಿಡದ ಕೆಳಗೆ ಕುಳಿತು, ಸಾವನ್ನು ಬೇಡಿದ. ಬಂದ ದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣಿಸಿದ. ಗೆತ್ಸೆಮನಿ ತೋಪಿನಲ್ಲಿ ಪ್ರಭು ಯೇಸುವೇ ದಿಗಿಲುಗೊಂಡು, ಆ ಪಾತ್ರೆ ತನ್ನಿಂದ ದೂರವಾಗಲೆಂದು ಬೇಡಿಕೊಂಡರು. ಭಯವೇ ಪಾಪವಾಗಿದ್ದರೆ ಆ ರಾತ್ರಿಯನ್ನು ನಾವು ಹೇಗೆ ಅರ್ಥಮಾಡಿಕೊಳ್ಳಬೇಕು?

ಇನ್ನು ಸಂತ ಪೇತ್ರ. ಯೊವಾನ್ನನ ಶುಭಸಂದೇಶದಲ್ಲಿ ಕೆಂಡದ ಬೆಂಕಿಯ ಪ್ರಸ್ತಾಪ ಎರಡು ಕಡೆ ಬರುತ್ತದೆ. ಒಂದು, ಅವನು ಪ್ರಭುವನ್ನು ಅರಿಯೆನೆಂದ ರಾತ್ರಿಯ ಅಂಗಳದಲ್ಲಿ. ಇನ್ನೊಂದು, ಪುನರುತ್ಥಾನದ ನಂತರ ಸರೋವರದ ದಡದಲ್ಲಿ. ಪ್ರಭು ಅವನನ್ನು ಅಂತಹುದೇ ಬೆಂಕಿಯ ಬಳಿಗೆ ಕರೆದು, ಊಟ ಕೊಟ್ಟು, ಪ್ರೀತಿಯಿದೆಯೇ ಎಂದು ಮೂರು ಬಾರಿ ಕೇಳಿದರು. ಮೂಲ ಗ್ರೀಕ್ ಭಾಷೆಯಲ್ಲಿ ಮೊದಲೆರಡು ಬಾರಿ ಪ್ರಭು ಬಳಸಿದ ಪದ ಒಂದು, ಪೇತ್ರ ಉತ್ತರಿಸಿದ ಪದ ಇನ್ನೊಂದು. ಪೇತ್ರನು ಇಲ್ಲಿ ಹಿಂದಿನಂತೆ ದೊಡ್ಡ ಮಾತಾಡದೆ, ತನ್ನಲ್ಲಿರುವಷ್ಟನ್ನೇ ಹೇಳಿಕೊಂಡನೆಂದು ಕೆಲವು ವ್ಯಾಖ್ಯಾನಕಾರರು ಅರ್ಥೈಸುತ್ತಾರೆ. ಕೊನೆಯ ಬಾರಿ ಪ್ರಭುವೇ ಪೇತ್ರನ ಪದಕ್ಕೆ ಇಳಿದು ಬಂದರು. ಕುರಿಗಳನ್ನು ಮೇಯಿಸುವ ಹೊಣೆ ಅವನ ಕೈಗೆ ಬಂದುದು ಆ ಮಾತುಕತೆಯಲ್ಲಿಯೇ.

ಕಿಟಕಿಯುಳ್ಳ ಕೋಣೆ

ಇಂಗ್ಲೆಂಡಿನ ನಾರ್ವಿಚ್ ಪಟ್ಟಣಕ್ಕೆ 1349ರಲ್ಲಿ ಕರಾಳ ಪ್ಲೇಗು ಬಂದಾಗ ಜೂಲಿಯಾನ ಎಂಬಾಕೆ ಪುಟ್ಟ ಬಾಲಕಿ. 1373ರ ಮೇ ತಿಂಗಳಿನಲ್ಲಿ, ಮೂವತ್ತರ ವಯಸ್ಸಿನಲ್ಲಿ, ಆಕೆಯೇ ಸಾವಿನ ಅಂಚಿಗೆ ಹೋಗಿ ದೈವದರ್ಶನಗಳನ್ನು ಪಡೆದು ಬದುಕಿ ಬಂದಳು. ಮುಂದೆ ದೇವಾಲಯಕ್ಕೆ ಅಂಟಿಕೊಂಡ ಒಂದು ಕೋಣೆಯಲ್ಲಿ ಏಕಾಂತವಾಸಿಯಾಗಿ ಉಳಿದಳು. ಇಂಗ್ಲಿಷ್ ಭಾಷೆಯಲ್ಲಿ ಮಹಿಳೆ ಬರೆದುದೆಂದು ತಿಳಿದುಬಂದಿರುವ ಗ್ರಂಥಗಳಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯದು ಆಕೆಯದೇ. ಕಷ್ಟ ಬಾರದೆಂಬ ಭರವಸೆ ಅದರಲ್ಲಿಲ್ಲ. ಕಷ್ಟದಲ್ಲಿಯೂ ಪಾಪದಲ್ಲಿಯೂ ದೇವರ ಪ್ರೀತಿ ನಮ್ಮನ್ನು ಕೈಬಿಡದು ಎಂಬ ಭರವಸೆ ಇದೆ. ಅಂತಹ ಏಕಾಂತವಾಸಿಗಳ ಕೋಣೆಗೆ ದೇವಾಲಯದತ್ತ ಒಂದು ಕಿಟಕಿ, ಹೊರಗಿನ ಜನರತ್ತ ಇನ್ನೊಂದು ಕಿಟಕಿ ಇರುತ್ತಿತ್ತು. 1413ರ ಸುಮಾರಿಗೆ ಮಾರ್ಜರಿ ಕೆಂಪ್ ಎಂಬ ಗೃಹಿಣಿ ತನ್ನ ತಳಮಳವನ್ನು ಹೇಳಿಕೊಳ್ಳಲು ಆಕೆಯ ಬಳಿಗೆ ಬಂದುದು ದಾಖಲಾಗಿದೆ. ಅಂತರಂಗದ ಶಾಂತಿಗೂ ಅಂತಹ ಎರಡು ಕಿಟಕಿಗಳು ಬೇಕು. ಎರಡನ್ನೂ ಮುಚ್ಚಿಕೊಂಡರೆ ಅದು ಸೆರೆಮನೆಯಾಗುತ್ತದೆ.

ಆದ್ದರಿಂದ ಪ್ರಿಯ ಓದುಗರೇ, ಆ ದಿನಗಳ ಭಾರವನ್ನು ಇನ್ನೂ ಹೊತ್ತಿರುವವರಿಗೆ ನಮ್ಮ ವಿನಂತಿ ಇಷ್ಟು. ಏನಾಯಿತೋ ಅದನ್ನು ಅಲಂಕಾರವಿಲ್ಲದೆ, ನೆಪವಿಲ್ಲದೆ, ಒಂದೇ ವಾಕ್ಯದಲ್ಲಿ ದೇವರಿಗೆ ಹೇಳಿ. ಬಳಿಕ ನಂಬಿಕೆಗೆ ಅರ್ಹರಾದ ಒಬ್ಬ ಮನುಷ್ಯರಿಗೂ ಹೇಳಿ. ನೀವು ಸುತ್ತುದಾರಿ ಹಿಡಿದು ತಪ್ಪಿಸುತ್ತಿರುವ ಒಂದು ಬೀದಿ ಇದ್ದರೆ ಅಲ್ಲಿಗೆ ಹೋಗಿ ಬನ್ನಿ. ಎದುರಿನವರು ಕೋಪಿಸಿಕೊಂಡರೂ ಸತ್ಯವನ್ನು ಹೇಳಿದ ಹಗುರ ನಿಮ್ಮದಾಗುತ್ತದೆ. ದೂತನು ಎಲೀಯನಿಗೆ ಮೊದಲು ಕೊಟ್ಟದ್ದು ಊಟ ಮತ್ತು ನಿದ್ರೆ ಎಂಬುದನ್ನು ನೆನಪಿಡಿ. ದೇಹವನ್ನು ಕಡೆಗಣಿಸಿ ಆತ್ಮಕ್ಕೆ ಶಾಂತಿಯಿಲ್ಲ. ನಿದ್ರೆ ಬಾರದೆ, ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಸಿದಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿರಿ. ಕೇಂದ್ರ ಸರಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಆಪ್ತಸಲಹೆ ಉಚಿತವಾಗಿ ದೊರೆಯುತ್ತದೆ. ವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ.

ನಮ್ಮ ಭಯ ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ಮತ್ತೊಂದು ಮಹಾಮಾರಿ ಬಂದು, ಮತ್ತೊಂದು ರಾತ್ರಿ ಫೋನು ಬಂದರೆ ಹೋಗುತ್ತೇವೆಂದು ಆಣೆಯಿಟ್ಟು ಹೇಳಲಾರೆವು. ಪೇತ್ರನಂತೆ ಒಮ್ಮೆ ಹೇಳಿ ಸೋತವರು ನಾವು. ಹೋಗುವ ಕೃಪೆ ಕೊಡು ಎಂದು ಪ್ರತಿ ರಾತ್ರಿ ಬೇಡುತ್ತೇವೆ. ಅಭ್ಯಂಗದ ಎಣ್ಣೆಯ ಪುಟ್ಟ ಡಬ್ಬಿಯನ್ನು ಈಗ ದೇವಾಲಯದ ಕಪಾಟಿನಲ್ಲಿಡದೆ ಫೋನಿನ ಪಕ್ಕದಲ್ಲಿಯೇ ಇಡುತ್ತೇವೆ.

ಕಳೆದ ನವೆಂಬರ್ 2ರಂದು ಪಶ್ಚಿಮದ ಗೋಡೆಯ ಬಳಿ ಆ ತಾಯಿ ನಮಗಾಗಿ ಕಾದಿದ್ದರು. ಗಾಳಿಗೆ ಬತ್ತಿ ಆರುತ್ತಿತ್ತು. ಅವರು ಕೈ ಅಡ್ಡ ಹಿಡಿದರು, ನಾವು ಹಚ್ಚಿದೆವು.